ಪ್ರೇಮ್‌ಜಿ ಕೊಟ್ಟದ್ದೇನು, ಇಟ್ಟುಕೊಂಡದ್ದೇನು?

ಪ್ರಶ್ನೆ: ಅಜೀಂ ಪ್ರೇಮ್‌ಜಿಯವರು ತಮ್ಮ ಆಸ್ತಿಯ ಬಹುಪಾಲನ್ನು ದಾನ ಮಾಡಿದ್ದಾರೆ ಅಂತ ಓದುತ್ತಲೇ ಇರುತ್ತೇವೆ. ಆದರೆ ವಿಪ್ರೊ ಈಗಲೂ ಅವರ ಕುಟುಂಬದ ಹಿಡಿತದಲ್ಲೇ ಇದೆ, ಮಗನೇ ಅಧ್ಯಕ್ಷರು. ಹಾಗಾದರೆ ಅವರು ನಿಜವಾಗಿ ಕೊಟ್ಟದ್ದೇನು? 'ಇದೆಲ್ಲ ತೆರಿಗೆ ಉಳಿಸೋ ದಾರಿ, ಈ ಜೇಬಿನಿಂದ ಆ ಜೇಬಿಗೆ ಹಾಕಿದ್ದಾರೆ ಅಷ್ಟೇ' ಅಂತಾರೆ ನನ್ನ ಪಾಲುದಾರರು. ನಾವಿಬ್ಬರೂ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿ ನಡೆಸುತ್ತೇವೆ. ಮುಂದೆ ಶಿಕ್ಷಣಕ್ಕೆ ಏನಾದರೂ ಮಾಡಬೇಕು ಅಂತ ನನಗಿದೆ. ಅವರು ನಡೆದ ದಾರಿಯಿಂದ ನಮ್ಮಂಥವರು ಕಲಿಯೋದು ಏನಾದರೂ ಇದೆಯಾ?
ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಪಾಲುದಾರರ ಅನುಮಾನ ತಪ್ಪಲ್ಲ. ಟ್ರಸ್ಟ್‌ಗಳ ಲೆಕ್ಕಪತ್ರ ನೋಡುವುದೇ ನನ್ನ ವೃತ್ತಿ. ಹೆಸರಿಗೆ ಮಾತ್ರ ಕೊಟ್ಟ ದಾನಗಳನ್ನೂ ಸಾಕಷ್ಟು ನೋಡಿದ್ದೇನೆ. ಹಾಗಾಗಿ ದೊಡ್ಡ ಮೊತ್ತ ಕಂಡ ಕೂಡಲೇ 'ಇದರಲ್ಲಿ ಕೈಬಿಟ್ಟದ್ದು ಏನು?' ಅಂತ ಕೇಳುವುದು ಒಳ್ಳೆಯ ಅಭ್ಯಾಸ. ಪ್ರೇಮ್‌ಜಿಯವರ ವಿಷಯದಲ್ಲಿ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಇದೆ.

ಒಂದು ಷೇರಿನಲ್ಲಿ ಎರಡು ಹಕ್ಕು ಇರುತ್ತವೆ. ಒಂದು, ಮತ ಹಾಕುವ ಹಕ್ಕು. ನಿರ್ದೇಶಕರು ಯಾರಾಗಬೇಕು, ಕಂಪನಿ ಯಾವ ಕಡೆ ಹೋಗಬೇಕು ಅನ್ನುವುದನ್ನು ಅದು ತೀರ್ಮಾನಿಸುತ್ತದೆ. ಇನ್ನೊಂದು, ಹಣದ ಹಕ್ಕು. ಡಿವಿಡೆಂಡ್ (ಷೇರುದಾರರಿಗೆ ಹಂಚುವ ಲಾಭ) ಬಂದರೆ, ಕಂಪನಿ ಷೇರು ಮರುಖರೀದಿ ಮಾಡಿದರೆ, ನಾಳೆ ಷೇರು ಮಾರಿದರೆ ಬರುವ ದುಡ್ಡೆಲ್ಲ ಈ ಹಕ್ಕಿಗೆ ಸೇರಿದ್ದು. ಇವೆರಡನ್ನೂ ಬೇರೆ ಮಾಡಬಹುದು. ತೋಟದ ಉಸ್ತುವಾರಿ ನಿಮ್ಮ ಕೈಯಲ್ಲೇ ಇದೆ, ಆದರೆ ಫಸಲಿನ ಮೂರು ಪಾಲಲ್ಲಿ ಎರಡು ಪಾಲನ್ನು ಶಾಲೆಗೆ ಬರೆದುಕೊಟ್ಟಿದ್ದೀರಿ, ಆ ಪತ್ರವನ್ನು ಇನ್ನು ರದ್ದು ಮಾಡೋ ಹಾಗಿಲ್ಲ ಅಂದುಕೊಳ್ಳಿ. ಪ್ರೇಮ್‌ಜಿಯವರು ಮಾಡಿದ್ದು ಸುಮಾರು ಇದೇ.

ಅದೂ ಒಂದೇ ಸಲಕ್ಕೆ ಆದದ್ದಲ್ಲ. 2010ರ ಡಿಸೆಂಬರ್‌ನಲ್ಲಿ ಸುಮಾರು 8,846 ಕೋಟಿ ರೂಪಾಯಿ ಬೆಲೆಯ ವಿಪ್ರೊ ಷೇರುಗಳನ್ನು ದಾನದ ಉದ್ದೇಶಕ್ಕೆ ಮಾಡಿದ ಟ್ರಸ್ಟಿಗೆ ವರ್ಗಾಯಿಸಿದರು. 2013ರ ಫೆಬ್ರವರಿಯಲ್ಲಿ ಇನ್ನೂ ಸುಮಾರು 12,300 ಕೋಟಿಯ ಷೇರು ಹೋಯಿತು. 2019ರ ಮಾರ್ಚ್‌ನಲ್ಲಿ ದೊಡ್ಡ ಹೆಜ್ಜೆ ಬಂತು. ತಮ್ಮ ಹಿಡಿತದ ಸಂಸ್ಥೆಗಳ ಕೈಯಲ್ಲಿದ್ದ ಇನ್ನೂ ಸುಮಾರು 34 ಶೇಕಡಾ ವಿಪ್ರೊ ಷೇರುಗಳ ಆರ್ಥಿಕ ಲಾಭವನ್ನು ಅವರು ಮರಳಿ ಪಡೆಯಲಾಗದಂತೆ ಬಿಟ್ಟುಕೊಟ್ಟರು. ಆ ದಿನದ ಬೆಲೆಯಲ್ಲಿ ಅದು 52,750 ಕೋಟಿ. ಹಿಂದಿನದೂ ಸೇರಿ ವಿಪ್ರೊದ 67 ಶೇಕಡಾ ಆರ್ಥಿಕ ಒಡೆತನ ದಾನದ ಕೆಲಸಕ್ಕೆಂದೇ ಇಟ್ಟ ದತ್ತಿನಿಧಿಯ ಪಾಲಾಯಿತು. ಬೇರೆ ಹೂಡಿಕೆಗಳೂ ಸೇರಿ ನಿಧಿಯ ಒಟ್ಟು ಬೆಲೆ 1,45,000 ಕೋಟಿ ಅಂತ ಆಗ ಪ್ರಕಟಿಸಿದರು.

ಅಂದರೆ ಅವತ್ತಿನ ಲೆಕ್ಕದಲ್ಲಿ ವಿಪ್ರೊ 100 ರೂಪಾಯಿ ಡಿವಿಡೆಂಡ್ ಹಂಚಿದರೆ 67 ರೂಪಾಯಿ ಆ ನಿಧಿಗೆ. 2023ರಲ್ಲಿ ಕಂಪನಿ 12,000 ಕೋಟಿ ಖರ್ಚು ಮಾಡಿ ಷೇರಿಗೆ 445 ರೂಪಾಯಿಯಂತೆ ಮರುಖರೀದಿ ಮಾಡಿತಲ್ಲ, ಅಂಥ ಹಣದಲ್ಲೂ ಇದೇ ರೀತಿಯ ಪಾಲು. ಕುಟುಂಬದ ಕೈಯಲ್ಲಿ ಉಳಿದದ್ದು ಮುಖ್ಯವಾಗಿ ಮತದ ಹಕ್ಕು. 2019ರ ಜುಲೈ ಕೊನೆಗೆ ರಿಷದ್ ಪ್ರೇಮ್‌ಜಿ ಅಧ್ಯಕ್ಷರಾದದ್ದು ಅದೇ ಹಕ್ಕಿನ ಬಲದ ಮೇಲೆ. ಈ ಜೇಬಿನಿಂದ ಆ ಜೇಬಿಗೆ ಅನ್ನೋ ಮಾತು ಹಿಡಿತದ ಮಟ್ಟಿಗೆ ನಿಜ. ದುಡ್ಡಿನ ಮಟ್ಟಿಗೆ ನಿಜ ಅಲ್ಲ. ದುಡ್ಡು ಹೋದ ಜೇಬು ಅವರ ಮನೆಯದಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ತುಂಬಾ ಜನ ಎಡವುತ್ತಾರೆ. 1,45,000 ಕೋಟಿ ಅಂದರೆ ಅಷ್ಟು ದುಡ್ಡು ಹಂಚಿದರು ಅಂತ ಅಲ್ಲ. ಅದು ನಿಧಿಯ ಅವತ್ತಿನ ಬೆಲೆ. ಷೇರುಪೇಟೆ ಏರಿಳಿದ ಹಾಗೆ ಅದೂ ಏರಿಳಿಯುತ್ತದೆ. ಕೆಲಸಕ್ಕೆ ಸಿಗುವುದು ಅದರಿಂದ ಹುಟ್ಟುವ ಆದಾಯ. ನಿಧಿಯ ಬಹುಪಾಲು ಒಂದೇ ಕಂಪನಿಯನ್ನು ನೆಚ್ಚಿಕೊಂಡಿರುವುದು ನನ್ನ ಕಣ್ಣಿಗೆ ಈ ವ್ಯವಸ್ಥೆಯ ದುರ್ಬಲ ಜಾಗ. ಪ್ರೇಮ್‌ಜಿ ಇನ್ವೆಸ್ಟ್ ಎಂಬ ಸಂಸ್ಥೆ ಬೇರೆ ಬೇರೆ ಕಂಪನಿಗಳಲ್ಲಿ ಹಣ ಹೂಡುತ್ತಾ ಬಂದಿದೆ. ಹೂಡಿಕೆ ಹಾಗೆ ಹರಡಿದಷ್ಟೂ ನಿಧಿಗೆ ಒಳ್ಳೆಯದು. ಆದರೂ ವಿಪ್ರೊ ಸೀನಿದರೆ, ಈ ನಿಧಿಯ ಹಣದಲ್ಲಿ ಶಾಲೆಗಳ ಕೆಲಸ ಮಾಡುವ ಅಜೀಂ ಪ್ರೇಮ್‌ಜಿ ಫೌಂಡೇಶನ್‌ಗೆ ನೆಗಡಿ ತಪ್ಪಿದ್ದಲ್ಲ.

ಈಗ ತೆರಿಗೆಗೆ ಬರೋಣ. ದಾನ ಕೊಟ್ಟವರಿಗೆ ಸಿಗುವ, 80ಜಿ ಅಂತ ಎಲ್ಲರ ಬಾಯಲ್ಲಿರುವ ತೆರಿಗೆ ರಿಯಾಯಿತಿಯನ್ನೇ ತೆಗೆದುಕೊಳ್ಳಿ. 30 ಶೇಕಡಾ ತೆರಿಗೆ ಕಟ್ಟುವವರು, ಹಳೆಯ ತೆರಿಗೆ ಪದ್ಧತಿಯಲ್ಲಿರುವವರು, ಮಾನ್ಯತೆ ಇರುವ ಒಂದು ಟ್ರಸ್ಟಿಗೆ 100 ರೂಪಾಯಿ ಕೊಟ್ಟರು ಅಂದುಕೊಳ್ಳಿ. ಸಾಮಾನ್ಯವಾಗಿ ಅದರಲ್ಲಿ 50 ರೂಪಾಯಿ ಮಾತ್ರ ಆದಾಯದಿಂದ ಕಳೆಯಲು ಸಿಗುತ್ತದೆ. ಉಳಿಯುವ ತೆರಿಗೆ 15 ರೂಪಾಯಿ, ಸೆಸ್ಸು ಸೇರಿದರೆ ಚಿಲ್ಲರೆ ಜಾಸ್ತಿ. ಮಿಕ್ಕ 84-85 ರೂಪಾಯಿ ಅವರ ಕೈಯಿಂದಲೇ ಹೋಗುತ್ತದೆ. ಇದಕ್ಕೂ ಆದಾಯದ 10 ಶೇಕಡಾ ಅಂತ ಮಿತಿ ಇದೆ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ರಿಯಾಯಿತಿ ಇಲ್ಲ. ಹೊಸ ಪದ್ಧತಿಯಲ್ಲಿ ಇದು ಸಿಗುವುದೇ ಇಲ್ಲ. ಈ ರಿಯಾಯಿತಿ ಇರುವುದು ಹಣಕ್ಕೆ ಮಾತ್ರ. ಷೇರನ್ನೇ ದಾನವಾಗಿ ಬರೆದುಕೊಟ್ಟರೆ 80ಜಿಯಲ್ಲಿ ಒಂದು ಪೈಸೆಯೂ ಸಿಗದು.

ಅಮೆರಿಕದಲ್ಲಿ ಸತ್ತವರ ದೊಡ್ಡ ಆಸ್ತಿಯ ಮೇಲೆ ಭಾರೀ ತೆರಿಗೆ ಇದೆ. ಅಲ್ಲಿನ ಶ್ರೀಮಂತರು ಫೌಂಡೇಶನ್ ಕಟ್ಟುವುದರ ಹಿಂದೆ ಅದೂ ಒಂದು ಕಾರಣ. ನಮ್ಮಲ್ಲಿ ಅಂಥ ತೆರಿಗೆಯನ್ನು 1985ರಲ್ಲೇ ತೆಗೆದುಹಾಕಿದರು. ಪ್ರೇಮ್‌ಜಿಯವರು ಸುಮ್ನೆ ಇದ್ದಿದ್ದರೆ ಇಡೀ ಆಸ್ತಿ ಪಿತ್ರಾರ್ಜಿತ ತೆರಿಗೆಯಿಲ್ಲದೆ ಇಬ್ಬರು ಮಕ್ಕಳಿಗೆ ಹೋಗುತ್ತಿತ್ತು. ತೆರಿಗೆಗೆ ಹೆದರಿ ಕೊಟ್ಟರು ಅನ್ನೋ ವಾದ ಇಲ್ಲಿಗೇ ನಿಂತುಹೋಗುತ್ತದೆ.

ಷೇರನ್ನೆಲ್ಲ ನೇರವಾಗಿ ಶಾಲೆಯ ಕೆಲಸ ಮಾಡುವ, ತೆರಿಗೆ ವಿನಾಯಿತಿ ಇರುವ ಸಂಸ್ಥೆಗೇ ಕೊಟ್ಟುಬಿಡಬಹುದಿತ್ತಲ್ಲ ಅಂತಲೂ ಕೇಳುತ್ತಾರೆ. ತೆರಿಗೆ ವಿನಾಯಿತಿ ಇರುವ ಟ್ರಸ್ಟ್ ತನ್ನ ಹಣವನ್ನು ಖಾಸಗಿ ವಲಯದ ಕಂಪನಿಯ ಷೇರಿನಲ್ಲಿ ಇಡುವುದನ್ನು ನಮ್ಮ ಕಾನೂನು ಒಪ್ಪುವುದಿಲ್ಲ. ಇಟ್ಟರೆ ವಿನಾಯಿತಿಗೇ ಕುತ್ತು. ಹಾಗಾಗಿ ನಮ್ಮ ದೇಶದಲ್ಲಿ ಷೇರು ಹಿಡಿದುಕೊಳ್ಳುವ ಸಂಸ್ಥೆ ಬೇರೆ, ಹಳ್ಳಿಯಲ್ಲಿ ಕೆಲಸ ಮಾಡುವ ಸಂಸ್ಥೆ ಬೇರೆ ಆಗಬೇಕಾಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಗೋಜಲು ಅನಿಸುತ್ತದೆ. ಗೋಜಲು ಇದ್ದ ಕಡೆಯೆಲ್ಲ ಮೋಸ ಇರಬೇಕು ಅಂತೇನಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಲೆಕ್ಕದ ಮಾತು. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅವರು ಇಲ್ಲಿಗೆ ಬಂದ ದಾರಿ.

ವಿಪ್ರೊ ಹುಟ್ಟಿದ್ದು 1945ರಲ್ಲಿ, ಎಣ್ಣೆ ಕಂಪನಿಯಾಗಿ. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಳನೇರ್‌ನಲ್ಲಿ ವನಸ್ಪತಿ ಮತ್ತು ಬಟ್ಟೆ ಸೋಪು ಮಾಡುತ್ತಿತ್ತು. ಅಜೀಂ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ, 1966ರಲ್ಲಿ, ತಂದೆ ತೀರಿಕೊಂಡರು. 21ನೇ ವಯಸ್ಸಿಗೆ ಓದು ಅರ್ಧಕ್ಕೆ ಬಿಟ್ಟು ಬಂದು ಕಂಪನಿ ನೋಡಿಕೊಂಡರು. 1970ರ ದಶಕದ ಕೊನೆಗೆ ಐಬಿಎಂ ಭಾರತ ಬಿಟ್ಟು ಹೋಯಿತು. ಆ ಖಾಲಿ ಜಾಗ ಕಂಡು ವಿಪ್ರೊ ಕಂಪ್ಯೂಟರ್ ತಯಾರಿಕೆಗೆ ಇಳಿಯಿತು, ಆಮೇಲೆ ಸಾಫ್ಟ್‌ವೇರ್‌ಗೆ. 2000ದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆಯಲ್ಲಿ ಪಟ್ಟಿಯಾಯಿತು. ಇಷ್ಟು ವರ್ಷಗಳಲ್ಲಿ ಕುಟುಂಬ ತನ್ನ ಪಾಲಿನ ಬಹುಭಾಗವನ್ನು ಮಾರಲಿಲ್ಲ. ಮುಂದೆ ದಾನಕ್ಕೆ ಅಷ್ಟು ದೊಡ್ಡ ಗಂಟು ಸಿಕ್ಕಿದ್ದು ಹೀಗೆ.

ಕೊಡುವ ಮನಸ್ಸು ಬಂದದ್ದು ಎಲ್ಲಿಂದ ಅನ್ನುವುದಕ್ಕೆ ಅವರೇ ತಾಯಿಯ ಹೆಸರು ಹೇಳುತ್ತಾರೆ. ಡಾ. ಗುಲ್ಬಾನು ಪ್ರೇಮ್‌ಜಿ ವೈದ್ಯೆ. ಮುಂಬೈಯಲ್ಲಿ ಅಂಗವೈಕಲ್ಯ ಇರುವ ಮಕ್ಕಳ ಆಸ್ಪತ್ರೆಯೊಂದನ್ನು ಕಟ್ಟಿ ಬೆಳೆಸಲು ದಶಕಗಳ ಕಾಲ ದುಡಿದವರು. ಆಸ್ತಿಗೆ ನಾವು ಒಡೆಯರಲ್ಲ, ಧರ್ಮದರ್ಶಿಗಳು ಅನ್ನುವ ಗಾಂಧೀಜಿಯ ವಿಚಾರವೂ ತಮ್ಮನ್ನು ತಟ್ಟಿತು ಅಂತ ಅವರು ಬರೆದಿದ್ದಾರೆ. ಇದನ್ನು ನಾನು ನಂಬುತ್ತೇನೆ. ಆದರೆ ಮನಸ್ಸು ಬಂದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ.

ಫೌಂಡೇಶನ್ ಶುರುವಾದದ್ದು 2001ರಲ್ಲಿ. ಮೊದಲ ದೊಡ್ಡ ಷೇರು ವರ್ಗಾವಣೆ 2010ರಲ್ಲಿ. ನಡುವೆ ಸುಮಾರು ಒಂಬತ್ತು ವರ್ಷ. ಅಷ್ಟು ಕಾಲ ಹೋಲಿಸಿದರೆ ಚಿಕ್ಕ ಹಣದಲ್ಲಿ ಸರ್ಕಾರಿ ಶಾಲೆಗಳ ಜೊತೆ ಕೆಲಸ ನಡೆಯಿತು. ಮೊದಲು ಕೆಲಸ ಕಲಿತರು, ದೊಡ್ಡ ಹಣ ಆಮೇಲೆ ಬಂತು. ಇಡೀ ಕತೆಯಲ್ಲಿ ನನಗೆ ತುಂಬಾ ಮುಖ್ಯ ಅನಿಸುವುದು ಇದೇ. ಮೊತ್ತ ದೊಡ್ಡದು ಅಂತ ಎಲ್ಲರೂ ಅದನ್ನೇ ಎತ್ತಿ ಹೇಳುತ್ತಾರೆ, ಈ ಒಂಬತ್ತು ವರ್ಷದ ಮಾತನ್ನು ಯಾರೂ ಎತ್ತುವುದಿಲ್ಲ.

ಆ ಕಲಿಕೆಯ ಒಂದು ಪಾಠ ನಿಮ್ಮಂಥ ಸಾಫ್ಟ್‌ವೇರ್‌ನವರಿಗೆ ನೇರವಾಗಿ ತಾಗುತ್ತದೆ. ಆರಂಭದ ವರ್ಷಗಳಲ್ಲಿ ಫೌಂಡೇಶನ್ ಹಿಡಿದ ದೊಡ್ಡ ಕಾರ್ಯಕ್ರಮಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕೆಯೂ ಒಂದು. ಹಲವು ಭಾಷೆಗಳಲ್ಲಿ ಪಾಠದ ಸಿ.ಡಿ.ಗಳನ್ನು ಮಾಡಿ ಸರ್ಕಾರಿ ಶಾಲೆಗಳಿಗೆ ಕೊಟ್ಟರು. ಕಂಪ್ಯೂಟರ್ ಕಂಪನಿ ನಡೆಸಿದವರಿಗೆ ಮೊದಲು ಹೊಳೆಯುವ ಉಪಾಯ ಅದೇ ಅಲ್ವಾ? ಮಕ್ಕಳಿಗೆ ಕಂಪ್ಯೂಟರ್ ಇಷ್ಟವಾಯಿತು. ಕಲಿಕೆ ಮಾತ್ರ ಅಂದುಕೊಂಡಷ್ಟು ಸುಧಾರಿಸಲಿಲ್ಲ. ಶಿಕ್ಷಕರು ಗಟ್ಟಿಯಾಗಿಲ್ಲದ ಕಡೆ ಯಂತ್ರ ಆ ಕೊರತೆ ತುಂಬದು ಅಂತ ಅರ್ಥವಾದ ಮೇಲೆ ಆ ದಾರಿ ಕೈಬಿಟ್ಟರು. ತಂತ್ರಜ್ಞಾನದಿಂದಲೇ ಶ್ರೀಮಂತರಾದವರ ಸಂಸ್ಥೆ 'ಶಾಲೆಯ ಸಮಸ್ಯೆಗೆ ಇದು ಮದ್ದಲ್ಲ' ಅಂತ ಬಹಿರಂಗವಾಗಿ ಹೇಳಿತು. ಆ ಪ್ರಾಮಾಣಿಕತೆಗೆ ನಾನು ತುಂಬಾ ಬೆಲೆ ಕೊಡುತ್ತೇನೆ.

ಆಮೇಲೆ ಅವರು ಹಿಡಿದದ್ದು ಶಿಕ್ಷಕರ ಕೈ. ನಮ್ಮ ಯಾದಗಿರಿ ಜಿಲ್ಲೆಯ ಸುರಪುರ ಇದಕ್ಕೆ ಒಳ್ಳೆಯ ಉದಾಹರಣೆ. ಆ ಕೆಲಸ ಶುರುವಾದಾಗ ಅದಿನ್ನೂ ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಸರ್ಕಾರದ ಜೊತೆ ಸೇರಿ ಅಲ್ಲಿನ ಶಾಲೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಶಾಲೆ ಬಿಟ್ಟ ಮೇಲೆ, ರಜೆಯ ದಿನ, ಶಿಕ್ಷಕರು ತಾವಾಗಿಯೇ ಬಂದು ಕೂರುವ ಕಲಿಕಾ ಕೇಂದ್ರಗಳು ಹುಟ್ಟಿಕೊಂಡವು. ಅಲ್ಲಿ ಹಾಜರಾತಿ ಕಡ್ಡಾಯ ಅಲ್ಲ, ಮೇಲಿನಿಂದ ಆದೇಶ ಇಲ್ಲ. ಭಿನ್ನರಾಶಿಯನ್ನು ಮಕ್ಕಳಿಗೆ ಹೇಗೆ ಹೇಳಿಕೊಡೋದು ಅಂತ ನಾಲ್ಕು ಮೇಷ್ಟ್ರು ಕೂತು ಮಾತಾಡುವಂಥ ಜಾಗ ಅದು. ಇದಕ್ಕೆ ದೊಡ್ಡ ಕಟ್ಟಡ ಬೇಡ. ಆ ಊರಲ್ಲೇ ಇದ್ದು ವರ್ಷಗಟ್ಟಲೆ ತಾಳ್ಮೆಯಿಂದ ಕೆಲಸ ಮಾಡುವ ಜನ ಬೇಕು.

ಅಂಥ ಜನ ಸಾಕಷ್ಟು ಸಿಗುವುದಿಲ್ಲ. ದುಡ್ಡಿದ್ದರೂ ಕೆಲಸ ನಿಲ್ಲುವುದು ಈ ಜಾಗದಲ್ಲಿ. 2010ರಲ್ಲಿ ಕರ್ನಾಟಕ ವಿಧಾನಮಂಡಲದ ಕಾಯ್ದೆಯ ಮೂಲಕ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಹುಟ್ಟಿದ್ದು ಈ ಕೊರತೆ ನೀಗಲು. 2011ರಲ್ಲಿ ಶಿಕ್ಷಣ ಮತ್ತು ಅಭಿವೃದ್ಧಿ ವಿಷಯಗಳ ಎಂ.ಎ. ತರಗತಿಗಳಿಂದ ಶುರುವಾಯಿತು. ಮೊದಲ ದೊಡ್ಡ ಷೇರು ವರ್ಗಾವಣೆ ಮತ್ತು ವಿಶ್ವವಿದ್ಯಾಲಯ ಎರಡೂ ಒಂದೇ ವರ್ಷ ಬಂದವು, ಗಮನಿಸಿ. ದುಡ್ಡು ಎಲ್ಲಿಗೆ ಬೇಕು ಅಂತ ಗೊತ್ತಾದ ಮೇಲೆ ಹರಿಸಿದರು.

ಇತ್ತೀಚಿನ ಒಂದು ಕೆಲಸದ ಲೆಕ್ಕ ಬಿಡಿಸಿ ತೋರಿಸುತ್ತೇನೆ. ನಮ್ಮ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಒಂದರಿಂದ ಹತ್ತನೇ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಮೊಟ್ಟೆ ಕೊಡುತ್ತಿದ್ದರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ. 2024ರಲ್ಲಿ ಫೌಂಡೇಶನ್ ಮಿಕ್ಕ ನಾಲ್ಕು ದಿನದ ಖರ್ಚು ಹೊರಲು ಮುಂದೆ ಬಂತು. ವಾರದ ಆರೂ ದಿನ ಮೊಟ್ಟೆ ಬಂತು. ಮೊಟ್ಟೆ, ಬೇಯಿಸುವ ಗ್ಯಾಸು, ಸಿಪ್ಪೆ ಸುಲಿಯುವ ಕೂಲಿ ಎಲ್ಲ ಸೇರಿ ಆಗ ಒಂದಕ್ಕೆ 6 ರೂಪಾಯಿ ಇಟ್ಟಿದ್ದರು. ನಾಲ್ಕು ಮೊಟ್ಟೆಗೆ ವಾರಕ್ಕೆ 24 ರೂಪಾಯಿ. ಶಾಲೆ ನಡೆಯುವ ವಾರ ಸುಮಾರು 40 ಅಂದುಕೊಂಡರೆ ಒಂದು ಮಗುವಿಗೆ ವರ್ಷಕ್ಕೆ 960 ರೂಪಾಯಿ. ಮಕ್ಕಳು ಸುಮಾರು 55 ಲಕ್ಷ. ಗುಣಿಸಿದರೆ ವರ್ಷಕ್ಕೆ 528 ಕೋಟಿ, ಮೂರು ವರ್ಷಕ್ಕೆ ಹತ್ತಿರ ಹತ್ತಿರ 1,600 ಕೋಟಿ. ಅವರು ಕೊಡಲು ಒಪ್ಪಿದ ಮೊತ್ತವೂ ಸುಮಾರು ಅಷ್ಟೇ. ಡಿವಿಡೆಂಡ್ ಅನ್ನೋ ಒಣ ಮಾತು ಕೊನೆಗೆ ಮಗುವಿನ ತಟ್ಟೆಗೆ ಬಂದು ಬೀಳುವುದು ಹೀಗೆ.

ಈಗ ಅದೇ 528 ಕೋಟಿಯನ್ನು ರಾಜ್ಯದ ಬಜೆಟ್ ಪಕ್ಕ ಇಡಿ. 2024-25ರಲ್ಲಿ ಕರ್ನಾಟಕ ಶಿಕ್ಷಣಕ್ಕೆ ಎತ್ತಿಟ್ಟದ್ದು 44,000 ಕೋಟಿಗೂ ಹೆಚ್ಚು. ದೇಶದ ಅತಿ ದೊಡ್ಡ ದಾನಿಗಳಲ್ಲಿ ಒಬ್ಬರ ಇಷ್ಟು ದೊಡ್ಡ ಕಾರ್ಯಕ್ರಮ ಅದರ ನೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಶಾಲೆಯ ಅಡುಗೆಮನೆ, ಬಿಸಿಯೂಟದ ಅಕ್ಕಂದಿರು, ಮುಖ್ಯೋಪಾಧ್ಯಾಯರ ಖಾತೆ, ಹಾಜರಾತಿ ಪುಸ್ತಕ ಎಲ್ಲ ಸರ್ಕಾರದ್ದು. ಇವಿಲ್ಲದೆ ಆ ಹಣ ಮಕ್ಕಳ ತನಕ ಮುಟ್ಟುತ್ತಲೇ ಇರಲಿಲ್ಲ. ಕಂಪನಿ ನಡೆಸಿದವರಿಗೆ 'ಸರ್ಕಾರದ ಸಹವಾಸ ಬೇಡ, ನಾವೇ ಚೆನ್ನಾಗಿ ಮಾಡ್ತೀವಿ' ಅನ್ನೋ ಆಸೆ ಸಹಜ. ಅದನ್ನು ಮೀರಿದ್ದು ಅವರ ದೊಡ್ಡ ತೀರ್ಮಾನಗಳಲ್ಲಿ ಒಂದು ಅಂತ ನನ್ನ ಅಭಿಪ್ರಾಯ.

ನಿಮ್ಮ ಪಾಲುದಾರರಿಗೆ ಇನ್ನೊಂದು ವ್ಯತ್ಯಾಸ ಹೇಳಿ. ಕಂಪನಿಯ ಸಿ.ಎಸ್.ಆರ್. ಹಣ (ಕಂಪನಿ ತನ್ನ ಲಾಭದಿಂದ ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಹಣ) ಬೇರೆ, ಮಾಲೀಕರ ದಾನ ಬೇರೆ. 2020ರ ಏಪ್ರಿಲ್‌ನಲ್ಲಿ ಕೋವಿಡ್‌ಗೆ ಅಂತ ಘೋಷಿಸಿದ 1,125 ಕೋಟಿಯಲ್ಲಿ ವಿಪ್ರೊದ್ದು 100 ಕೋಟಿ, ಅದೇ ಗುಂಪಿನ ವಿಪ್ರೊ ಎಂಟರ್‌ಪ್ರೈಸಸ್ ಕಂಪನಿಯದು 25 ಕೋಟಿ, ಫೌಂಡೇಶನ್ನಿನದು 1,000 ಕೋಟಿ. ಮೊದಲ ಎರಡು ಎಲ್ಲ ಷೇರುದಾರರ ಹಣ, ಚಿಕ್ಕ ಹೂಡಿಕೆದಾರರದೂ ಅದರಲ್ಲಿ ಸೇರಿದೆ. ಮೂರನೆಯದರ ಮೂಲ ಪ್ರೇಮ್‌ಜಿಯವರು ಬಿಟ್ಟುಕೊಟ್ಟ ಸ್ವಂತ ಆಸ್ತಿ. ಕಂಪನಿಯ ಹಣ ಕೊಟ್ಟು ಮಾಲೀಕರು ಹಾರ ಹಾಕಿಸಿಕೊಳ್ಳುವುದನ್ನು ನಾವು ದಿನಾ ನೋಡುತ್ತೇವೆ. ಸುದ್ದಿ ಓದುವಾಗ ಮೊದಲು ಕೇಳಬೇಕಾದ್ದು 'ಯಾರ ದುಡ್ಡು?' ಅಂತ.

ಎಲ್ಲರ ದಾರಿಯೂ ಇದೇ ಆಗಬೇಕಿಲ್ಲ. ಬಿಲ್ ಗೇಟ್ಸ್ ತಮ್ಮ ಫೌಂಡೇಶನ್ನನ್ನು 2045ರ ಕೊನೆಗೆ ಮುಚ್ಚುವುದಾಗಿ, ಅಷ್ಟರೊಳಗೆ ಆಸ್ತಿಯ ಹೆಚ್ಚುಕಡಿಮೆ ಎಲ್ಲವನ್ನೂ ಖರ್ಚು ಮಾಡುವುದಾಗಿ 2025ರಲ್ಲಿ ಹೇಳಿದರು. ಪ್ರೇಮ್‌ಜಿಯವರದು ಉಳಿಯುತ್ತಾ ಹೋಗುವ ನಿಧಿ. ನಿಮ್ಮ ಊರಿನವರೇ ಆದ ಗುರುರಾಜ ದೇಶಪಾಂಡೆ ಅಮೆರಿಕದಲ್ಲಿ ಸಿಕಾಮೋರ್ ನೆಟ್‌ವರ್ಕ್ಸ್ ಕಟ್ಟಿದವರು. ಅವರು ಹುಬ್ಬಳ್ಳಿಯಲ್ಲಿ ಹೊಸ ಉದ್ಯಮಿಗಳನ್ನು, ಕೌಶಲ ಇರುವ ಯುವಕರನ್ನು ಬೆಳೆಸುವ ಕಡೆ ಹಣ ಹಾಕಿದರು. ಹತ್ತಿರದಲ್ಲೇ ಇದೆ, ಹೋಗಿ ನೋಡಿ ಬನ್ನಿ.

ಇನ್ನು ನೀವು. ನಿಮ್ಮ ಕಂಪನಿಯ ವರ್ಷದ ನಿವ್ವಳ ಲಾಭ 5 ಕೋಟಿ ಮುಟ್ಟುವವರೆಗೆ, ವಹಿವಾಟು 1,000 ಕೋಟಿ ಅಥವಾ ನೆಟ್‌ವರ್ತ್ (ಸಾಲ ಕಳೆದು ಉಳಿಯುವ ಆಸ್ತಿ) 500 ಕೋಟಿ ಆಗುವವರೆಗೆ ಸಿ.ಎಸ್.ಆರ್. ಕಾನೂನು ನಿಮ್ಮನ್ನು ಕೇಳುವುದಿಲ್ಲ. ಮುಟ್ಟಿದ ಮೇಲೆ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2 ಶೇಕಡಾ ಖರ್ಚು ಮಾಡಲೇಬೇಕು. ಅದಕ್ಕೆ ಮುಂಚೆ ಕೊಡುವುದು ನಿಮ್ಮ ಇಷ್ಟ. ಆದರೆ ಕಂಪನಿಯಿಂದ ಕೊಟ್ಟರೆ ಅದು ಪಾಲುದಾರರ ಹಣವೂ ಹೌದು. ಅವರಿಗೆ ಒಪ್ಪಿಗೆ ಇಲ್ಲದಿದ್ದರೆ ಕಂಪನಿ ಲಾಭ ಹಂಚಲಿ, ನಿಮ್ಮ ಪಾಲಿನಿಂದ ನೀವು ಕೊಡಿ. ಸ್ನೇಹವೂ ಉಳಿಯುತ್ತದೆ.

ಈಗಲೇ ಸ್ವಂತ ಟ್ರಸ್ಟ್ ಮಾಡಬೇಡಿ ಅಂತ ಖಂಡಿತವಾಗಿ ಹೇಳುತ್ತೇನೆ. ಟ್ರಸ್ಟ್ ಅಂದರೆ ನೋಂದಣಿ, ಆಡಿಟ್, ಪ್ರತಿ ವರ್ಷ ರಿಟರ್ನ್ಸ್. ಬಂದ ಆದಾಯದಲ್ಲಿ 85 ಶೇಕಡಾ ಅದೇ ವರ್ಷ ಉದ್ದೇಶಕ್ಕೆ ಖರ್ಚಾಗಬೇಕು, ಇಲ್ಲದಿದ್ದರೆ ಯಾಕೆ ಕೂಡಿಟ್ಟಿರಿ ಅಂತ ಬರೆದುಕೊಡಬೇಕು. ಚಿಕ್ಕ ಮೊತ್ತಕ್ಕೆ ಇಷ್ಟೆಲ್ಲ ಕಟ್ಟಿಕೊಂಡರೆ ಶಾಲೆಗೆ ಹೋಗಬೇಕಾದ ದುಡ್ಡು ಆಡಿಟರ್‌ಗೆ ಹೋಗುತ್ತದೆ. ನಮ್ಮಂಥವರ ಸಂಪಾದನೆ ಕಡಿಮೆಯಾದರೂ ಪರವಾಗಿಲ್ಲ, ಇದನ್ನು ಹೇಳಲೇಬೇಕು. ಒಂದೇ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡುತ್ತಿರುವ ಒಳ್ಳೆಯ ಸಂಸ್ಥೆಯೊಂದಕ್ಕೆ ಎರಡು-ಮೂರು ವರ್ಷ ಹಣ ಕೊಡಿ. ಅದರ ಜೊತೆ ನಿಮ್ಮ ಸಮಯವನ್ನೂ ಕೊಡಿ. ತಿಂಗಳಿಗೊಮ್ಮೆ ಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಲ್ಯಾಪ್‌ಟಾಪ್ ಹಂಚುವ ಯೋಚನೆ ಬಂದರೆ ಆ ಸಿ.ಡಿ.ಗಳ ವಿಷಯ ನೆನಪಿಸಿಕೊಳ್ಳಿ.

ಅಷ್ಟಾದ ಮೇಲೂ ಸ್ವಂತ ಟ್ರಸ್ಟ್ ಬೇಕು ಅನಿಸಿದರೆ ಡೀಡ್ (ಟ್ರಸ್ಟ್ ಪತ್ರ) ಬರೆಸುವಾಗ ಎರಡು ಮಾತು ಗಟ್ಟಿ ಮಾಡಿಕೊಳ್ಳಿ. ಟ್ರಸ್ಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿಮ್ಮ ಮನೆಯವರಲ್ಲದವರು ಇರಲಿ. ಮತ್ತೆ, ಟ್ರಸ್ಟ್ ಮುಚ್ಚಬೇಕಾಗಿ ಬಂದರೆ ಉಳಿದ ಆಸ್ತಿ ಅದೇ ಉದ್ದೇಶದ ಬೇರೆ ಟ್ರಸ್ಟಿಗೆ ಹೋಗಬೇಕು, ನಿಮ್ಮ ಕುಟುಂಬಕ್ಕೆ ವಾಪಸ್ ಬರಬಾರದು ಅಂತ ಸ್ಪಷ್ಟವಾಗಿ ಬರೆಸಿ. ಆ ಪುಟವನ್ನು ನಿಮ್ಮ ಪಾಲುದಾರರಿಗೂ ಓದಲು ಕೊಡಿ.